ಹತ್ತೊಂಬತ್ತನೇ ಅಧ್ಯಾಯದ ಅಪ್ಪ

ಸಾಗರ
14 ಆಗಸ್ಟ್ 2025

‘ಕಲ್ಲುದೋಣಿ’ ಬರೆದ ವಿನಯಾ ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ಗುತ್ಯಪ್ಪ. ವಯಸ್ಸು ಅರವತ್ತೊಂದು. ಶರಾವತಿ ಹಿನ್ನೀರಿನಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು, ಜನ ದಾಟಿಸುವ ಲಾಂಚ್ ಓಡಿಸಿದವನು. ಈಗ ಸೇತುವೆಯಾಗಿದೆ, ನನಗೂ ನಿವೃತ್ತಿಯಾಗಿದೆ. ಕಾದಂಬರಿ ಓದುವ ಅಭ್ಯಾಸ ಮೊದಲು ಇರಲಿಲ್ಲ. ನಿಮ್ಮ ಪುಸ್ತಕ ಬಸ್‌ಸ್ಟ್ಯಾಂಡಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಕೊನೆಯ ಪುಟದಲ್ಲಿ ‘ಓದುಗರು ಬರೆಯಬಹುದು’ ಎಂದು ತೀರ್ಥಹಳ್ಳಿಯ ವಿಳಾಸ ಕೊಟ್ಟಿದ್ದೀರಿ. ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಿಮ್ಮ ಕಥೆಯಲ್ಲಿ ಅಂಬಿಗನ ಮಗಳು ತಾರಿಣಿ ಆಚೆ ದಡದ ಹುಡುಗನನ್ನು ಮೆಚ್ಚುತ್ತಾಳೆ. ಅವನು ಹಗಲಿನಲ್ಲಿ ಮನುಷ್ಯ, ಸಂಜೆಯಾದರೆ ಕಡವೆ. ಇದನ್ನು ನಂಬಿದೆ. ಕಲ್ಲಿನ ದೋಣಿ ತೇಲುತ್ತದೆ ಎಂದಿರಿ, ಅದನ್ನೂ ನಂಬಿದೆ. ಆದರೆ ಅಷ್ಟು ಗಾಳಿಯಲ್ಲಿ ಆಕೆ ದೋಣಿಯನ್ನು ನೇರ ದಡಕ್ಕೆ ನುಗ್ಗಿಸಿದ್ದನ್ನು ಮಾತ್ರ ನಂಬಲಾಗಲಿಲ್ಲ. ಅಂಬಿಗನ ಮಗಳು ಹಾಗೆ ಮಾಡುವುದಿಲ್ಲ.

ಇನ್ನೊಂದು ಸಂಶಯ. ಆ ಹುಡುಗ ಕಡವೆಯಾಗುವಾಗ ಅವನ ಬಟ್ಟೆ ಎಲ್ಲಿ ಹೋಗುತ್ತದೆ? ಬೆಳಿಗ್ಗೆ ಮತ್ತೆ ಮನುಷ್ಯನಾದಾಗ ಮೈಮೇಲೆ ಇರುತ್ತದಲ್ಲ?

ಮುಖ್ಯವಾಗಿ ಕೇಳಬೇಕಾದದ್ದು ಹತ್ತೊಂಬತ್ತನೇ ಅಧ್ಯಾಯದ ಬಗ್ಗೆ. ಮಗಳು ಬಂದು ಮನಸ್ಸಿನಲ್ಲಿದ್ದುದನ್ನು ಹೇಳುತ್ತಾಳೆ. ಅಪ್ಪ ಉತ್ತರ ಕೊಡುವುದಿಲ್ಲ. ನಿಂತಲ್ಲೇ ಕಲ್ಲಾಗುತ್ತಾನೆ. ಅವಳು ದೋಣಿ ಹತ್ತಿ ಹೋಗುತ್ತಾಳೆ. ಆಮೇಲೆ ಎಪ್ಪತ್ತು ಪುಟ ಇದೆ, ಮದುವೆ ಇದೆ, ಹಬ್ಬದೂಟ ಇದೆ, ಅವನ ಸುದ್ದಿಯೇ ಇಲ್ಲ. ಅವನು ಮಾಡಿದ ತಪ್ಪೇನು? ಮಾತಾಡಲಿಲ್ಲ, ಅಷ್ಟೇ ತಾನೆ? ನನ್ನ ಈ ಪ್ರತಿಯಲ್ಲಿ ಮೊದಲು ಓದಿದವರು ಯಾರೋ ಆ ಪುಟದ ಬದಿಗೆ ಪೆನ್ಸಿಲ್ಲಿನಲ್ಲಿ ಒಂದು ಮಾತು ಬರೆದಿದ್ದಾರೆ. ಅದಕ್ಕೇ ಕೇಳಿದೆ.

ಫೋನ್ ನಂಬರ್ ಬರೆದಿಲ್ಲ. ಬಾಯಿಮಾತಿನಲ್ಲಿ ಕೇಳಲು ನನಗೆ ಬರುವುದಿಲ್ಲ.

ಇತಿ,
ಗುತ್ಯಪ್ಪ


ತೀರ್ಥಹಳ್ಳಿ
25 ಆಗಸ್ಟ್ 2025

ಗುತ್ಯಪ್ಪನವರಿಗೆ ನಮಸ್ಕಾರ.

ಪುಸ್ತಕ ಬಂದು ಎರಡು ವರ್ಷವಾಯಿತು. ಮೆಸೇಜುಗಳು ಬಂದಿವೆ, ಹೃದಯದ ಚಿತ್ರಗಳು ಬಂದಿವೆ. ಅಂಚೆಯಲ್ಲಿ ಕಾಗದ ಬಂದದ್ದು ಇದೇ ಮೊದಲು. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಜಗಲಿಯಲ್ಲಿ ನಿಂತೇ ಓದಿದೆ. ನಾನು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಹಾಗಿದ್ದೂ ಕಡವೆಯ ಬಟ್ಟೆಯ ವಿಷಯ ಹೊಳೆದಿರಲಿಲ್ಲ. ನಮ್ಮ ಅತ್ತೆಗೆ ಅದನ್ನು ಓದಿ ಹೇಳಿದೆ, ಅವರು ನಕ್ಕು ನಕ್ಕು ಕೆಮ್ಮಿದರು.

ದೋಣಿಯ ತಪ್ಪು ಒಪ್ಪಿಕೊಂಡೆ. ನನಗೆ ಈಜೂ ಬರುವುದಿಲ್ಲ. ಎರಡನೇ ಭಾಗ ಬರೆಯುತ್ತಿದ್ದೇನೆ, ಅಲ್ಲಿ ಸರಿಪಡಿಸುತ್ತೇನೆ.

ಕಲ್ಲಾಗುವುದರ ಬಗ್ಗೆ: ಆ ರಾಜ್ಯದ ನಿಯಮವೇ ಹಾಗೆ. ಎದುರಿಗಿರುವವರು ಬೇಡಿಕೊಂಡಾಗ ಕಿವಿಗೊಡದವರು ಕಲ್ಲಾಗುತ್ತಾರೆ. ಮಾಯಾಲೋಕದ ಕಥೆಗಳಲ್ಲಿ ಇಂಥ ಕಟ್ಟಳೆ ಬೇಕಾಗುತ್ತದೆ. ಅಂಬಿಗನ ಮೇಲೆ ನನಗೇನೂ ದ್ವೇಷವಿಲ್ಲ. ಕಥೆ ತಾರಿಣಿಯದು, ಅವಳು ಮುಂದೆ ಹೋಗಬೇಕಿತ್ತು.

ಮೊದಲು ಓದಿದವರು ಏನು ಬರೆದಿದ್ದಾರೆಂದು ನೀವು ಹೇಳಲೇ ಇಲ್ಲವಲ್ಲ? ಕುತೂಹಲವಾಗಿದೆ.

ವಿನಯಾ


ಸಾಗರ
9 ಸೆಪ್ಟೆಂಬರ್ 2025

ವಿನಯಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಅದಾದ ಮೇಲೆ ಅದೇ ಅಂಗಡಿಯ ಇನ್ನೂ ನಾಲ್ಕು ಕಾದಂಬರಿ ಓದಿದೆ. ನನ್ನ ಹೆಂಡತಿ ವಿಶಾಲಮ್ಮ, “ಈ ವಯಸ್ಸಲ್ಲಿ ಇದೆಂತ ಓದ್ತೀರಿ ಮಾರಾಯ್ರೆ, ಮುಖಪುಟ ನೋಡೂಕೂ ನಾಚ್ಕೆ” ಎನ್ನುತ್ತಾಳೆ. ಆದರೆ ಓದಿದ ಕಥೆ ಹೇಳಿ ಎಂದು ಊಟದ ಹೊತ್ತಿಗೆ ಅವಳೇ ಕೇಳುತ್ತಾಳೆ.

ಒಂದರಲ್ಲಿ ನಾಯಕ ಕಾಫಿ ಎಸ್ಟೇಟಿನ ಸಾಹುಕಾರ. ಮೊದಲ ಪುಟದಿಂದ ಇನ್ನೂರ ಹನ್ನೆರಡನೇ ಪುಟದವರೆಗೆ ಒಂದು ದಿನವೂ ತೋಟಕ್ಕೆ ಇಳಿಯುವುದಿಲ್ಲ. ಸಿಟ್ಟು ಮಾಡುತ್ತಾನೆ, ಕಾರು ಓಡಿಸುತ್ತಾನೆ, ಅವಳನ್ನು ನೋಡುತ್ತಾನೆ. ಒಂದು ಕಡೆ ಮೂರು ಪುಟ ನೋಡುತ್ತಾನೆ. ಲಾಂಚಿನಲ್ಲಿ ಯಾರಾದರೂ ಹೆಣ್ಣುಮಕ್ಕಳನ್ನು ಅಷ್ಟು ಹೊತ್ತು ನೋಡಿದ್ದರೆ ನಾನು ಹಾರ್ನ್ ಹೊಡೆಯುತ್ತಿದ್ದೆ. ಆ ಜಾಗದಲ್ಲಿ ಅದೇ ಪೆನ್ಸಿಲ್ಲಿನವರು ‘ಛೇ’ ಎಂದು ಬರೆದಿದ್ದಾರೆ. ಅದನ್ನು ಕಂಡು ಸಮಾಧಾನವಾಯಿತು.

ಇನ್ನೊಂದರಲ್ಲಿ ರೆಕ್ಕೆಯ ರಾಜಕುಮಾರ. ಅವನು ಶತ್ರುರಾಜ್ಯದ ವೈದ್ಯೆಯನ್ನು ಸೆರೆ ಹಿಡಿದು ಆಮೇಲೆ ಪ್ರೀತಿಸುತ್ತಾನೆ. ಯುದ್ಧ ಚೆನ್ನಾಗಿದೆ. ಆದರೆ ಪೆನ್ಸಿಲ್ಲಿನವರು ಯುದ್ಧಕ್ಕೆ ಒಂದು ಗೆರೆಯನ್ನೂ ಹಾಕಿಲ್ಲ. ಗೆರೆ ಇರುವುದು ಒಂದೇ ಕಡೆ: ಅವನು ಗಂಜಿ ಕಾಯಿಸಿ ತಂದಿಟ್ಟು, “ನಿನಗೆ ಉಪ್ಪು ಎಷ್ಟು ಬೇಕು?” ಎಂದು ಕೇಳುವಲ್ಲಿ. ಅಲ್ಲಿ ಎರಡು ಗೆರೆ, ಪಕ್ಕದಲ್ಲಿ ‘ಹೌದು’ ಎಂದು ಬರೆದಿದೆ. ಇದು ನನಗೆ ಅರ್ಥವಾಗಲಿಲ್ಲ. ಇಷ್ಟೆಲ್ಲ ರೆಕ್ಕೆ, ಕತ್ತಿ, ಅರಮನೆ ಬಿಟ್ಟು ಉಪ್ಪಿನ ಮಾತಿಗೆ ಯಾಕೆ ಗೆರೆ?

ಇನ್ನು ಈ ಹುಡುಗಿಯರು ಮನೆಯವರಿಗೆ ಗೊತ್ತಿಲ್ಲದ ಹುಡುಗನನ್ನೇ ಯಾಕೆ ಮೆಚ್ಚುತ್ತಾರೆ? ಓದಿದ ಐದರಲ್ಲಿ ಐದೂ ಹಾಗೆಯೇ. ಓದುವವರಿಗೆ ಇದರಿಂದ ಏನಾದರೂ ಆಗುತ್ತದೆಯೇ? ಪುಸ್ತಕ ಓದಿ ಯಾರಾದರೂ ಮನೆ ಬಿಟ್ಟು ಹೋದದ್ದು ನಿಮಗೆ ಗೊತ್ತಿದೆಯೇ?

ಇತಿ,
ಗುತ್ಯಪ್ಪ


ತೀರ್ಥಹಳ್ಳಿ
20 ಸೆಪ್ಟೆಂಬರ್ 2025

ಗುತ್ಯಪ್ಪನವರಿಗೆ,

ನಿಮ್ಮ ಕಾಗದದ ಮುಕ್ಕಾಲು ಪಾಲು ಓದಿ ನಕ್ಕೆ. ಕೊನೆಯ ಪ್ಯಾರಾ ಓದಿ ಬೇಜಾರಾಯಿತು. ಇದೇ ಪ್ರಶ್ನೆಯನ್ನು ಬಹಳ ಜನ ಹಿರಿಯರು ಕೇಳಿದ್ದಾರೆ. ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಒಬ್ಬರು ಮೈಕ್ ಹಿಡಿದು, ನಿಮ್ಮಂಥವರಿಂದಲೇ ಹೆಣ್ಣುಮಕ್ಕಳು ಹಾಳಾಗುತ್ತಿರುವುದು ಎಂದರು. ನಮ್ಮ ಮನೆಯವರು ಶ್ರೀಕಾಂತ ಮುಂದಿನ ಸಾಲಿನಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ. ಹೇಳಲು ಅವರು ಪುಸ್ತಕ ಓದಿರಬೇಕಲ್ಲ.

ಪುಸ್ತಕ ಓದಿ ಯಾರೂ ಮನೆ ಬಿಡುವುದಿಲ್ಲ. ಮನೆಯಲ್ಲಿ ಆಡಲಾಗದ ಮಾತು ಪುಸ್ತಕದಲ್ಲಿ ಸಿಕ್ಕಿದಾಗ ಗೆರೆ ಹಾಕುತ್ತಾರೆ, ಅಷ್ಟೆ. ನಿಮ್ಮ ಪೆನ್ಸಿಲ್ಲಿನವರು ಹೆಣ್ಣುಮಗಳೇ ಇರಬೇಕು. ಉಪ್ಪಿನ ಮಾತಿಗೆ ಯಾಕೆ ಗೆರೆ ಎಂದಿರಿ. ನಿನಗೆ ಏನು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ. ಹಳೆ ಪುಸ್ತಕದ ಅಂಗಡಿಗೆ ಇಷ್ಟೂ ಪುಸ್ತಕ ಒಟ್ಟಿಗೆ ಹಾಕಿದ್ದಾಳೆಂದರೆ, ಆ ಮನೆಯಲ್ಲಿ ಅವಳಿಗೆ ಮಾತಾಡಲು ಒಂದು ಜೀವವೂ ಇರಲಿಲ್ಲ ಎಂದೇ ನನ್ನ ಊಹೆ.

ಖಾರವಾಗಿ ಬರೆದಿದ್ದರೆ ಕ್ಷಮಿಸಿ.

ವಿನಯಾ


ತೀರ್ಥಹಳ್ಳಿ
2 ನವೆಂಬರ್ 2025

ಗುತ್ಯಪ್ಪನವರಿಗೆ ನಮಸ್ಕಾರ.

ಆರು ವಾರವಾಯಿತು, ನಿಮ್ಮ ಕಾಗದವಿಲ್ಲ. ನಮ್ಮ ಅತ್ತೆ ವರದಾ ದಿನಾ ಅಂಚೆಯ ಹೊತ್ತಿಗೆ, “ಲಾಂಚಿನವರ ಕಾಗದ ಇವತ್ತೂ ಬೈಂದಿಲ್ಯನೇ?” ಎನ್ನುತ್ತಾರೆ. ನಿನ್ನೆ ನನ್ನ ಮುಖ ನೋಡಿ, “ನೀ ಅವಕ್ಕೆ ಎಂತ ಬರದ್ಯೇ?” ಎಂದು ಕೇಳಿದರು. ಬರೆದದ್ದನ್ನು ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೂತರು.

ನೀವು ಕುತೂಹಲದಿಂದ ಕೇಳಿದ್ದನ್ನು ನಾನು ಆಕ್ಷೇಪ ಎಂದುಕೊಂಡೆ. ಯಾರದೋ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಂಡೆ. ತಪ್ಪಾಯಿತು.

ಎರಡನೇ ಭಾಗ ನಿಂತಿದೆ. ತಾರಿಣಿ ಆ ದಡಕ್ಕೆ ಒಮ್ಮೆ ವಾಪಸ್ ಬರಬೇಕು. ಗಾಳಿಯಿದ್ದಾಗ ದೋಣಿಯನ್ನು ದಡಕ್ಕೆ ಹೇಗೆ ತರುತ್ತಾರೆ? ಇದೊಂದನ್ನಾದರೂ ಬರೆಯಿರಿ.

ವಿನಯಾ


ಸಾಗರ
18 ನವೆಂಬರ್ 2025

ವಿನಯಾ ಮೇಡಂ ಅವರಿಗೆ,

ಗಾಳಿಗೆ ಎದುರಾಗಿ ಸ್ವಲ್ಪ ಮೇಲಕ್ಕೆ ಹೋಗಬೇಕು. ತಲುಪಬೇಕಾದ ಜಾಗ ಬಿಟ್ಟು ಬೇರೆಲ್ಲಿಗೋ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಆಮೇಲೆ ವೇಗ ಇಳಿಸಿದರೆ ಗಾಳಿಯೇ ತಂದು ದಡಕ್ಕೆ ಸೇರಿಸುತ್ತದೆ. ಬೇಸಿಗೆಯಲ್ಲಾದರೆ ನೀರೊಳಗೆ ಮುಳುಗಿದ ಮರದ ಬೊಡ್ಡೆಗಳಿರುತ್ತವೆ, ಅವು ಎಲ್ಲೆಲ್ಲಿವೆ ಎಂದು ನೆನಪಿರಬೇಕು.

ಪುಸ್ತಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಲ್ಲ. ನನ್ನ ಮಗಳದು. ಅವಳ ಹೆಸರು ಆಶಾ. ಅವಳ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಮೂವತ್ತೊಂದು ಕಾದಂಬರಿಗಳಿವೆ. ನೀವು ‘ಮಾತಾಡಲು ಒಂದು ಜೀವವೂ ಇರಲಿಲ್ಲ’ ಎಂದು ಬರೆದದ್ದು ನಮ್ಮ ಮನೆಯ ಬಗ್ಗೆ. ನಿಮಗೆ ಗೊತ್ತಿರಲಿಲ್ಲ. ಆ ಕಾಗದವನ್ನು ನಾಲ್ಕು ಸಲ ಓದಿದೆ.

ಆಶಾ ಇಲ್ಲೇ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಹೊಸನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಯೋಗರಾಜ್ ಎಂಬ ಹುಡುಗನ ಪರಿಚಯವಾಯಿತು. ನಮ್ಮ ಜನ ಅಲ್ಲ. ನನ್ನ ಕಿವಿಗೆ ಬೇರೆಯವರಿಂದ ಬಿದ್ದಿತ್ತು. ಕಳೆದ ವರ್ಷ ಜನವರಿಯಲ್ಲಿ ಒಂದು ದಿನ ಅವಳು ರಜಾ ಹಾಕಿ ಲಾಂಚಿಗೆ ಬಂದಳು. ನಾನಿದ್ದ ಕ್ಯಾಬಿನ್ ಹತ್ತಿ, “ಅಪ್ಪ, ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು” ಎಂದಳು.

“ಈಗ ಬೇಡ. ಲಾಂಚ್ ನಡೀತಾ ಇದೆ” ಎಂದೆ.

“ದಡಕ್ಕೆ ಹೋದ್ಮೇಲೆ ಹೇಳ್ಲಾ?”

ನಾನು ಹಾರ್ನ್ ಹೊಡೆದೆ. ದಡ ಬಂತು, ಬಸ್ಸು ಇಳಿಯಿತು, ಜನ ಇಳಿದರು, ಅವಳು ಇಳಿಯಲಿಲ್ಲ. ಅವತ್ತು ಮೂರು ಸಲ ನನ್ನ ಜೊತೆ ಆಚೆಗೂ ಈಚೆಗೂ ಬಂದಳು. ನಾನು ಕೇಳಲಿಲ್ಲ. ಏನು ಹೇಳುತ್ತಾಳೆಂದು ಗೊತ್ತಿತ್ತು. ಕೇಳಿದರೆ ಅದು ನಿಜವಾಗುತ್ತದೆ ಎಂದು ಹೆದರಿದೆ. ಮೂರನೇ ಸಲ ಇಳಿದು ಬಸ್ಸಿನಲ್ಲಿ ಕೂತು ಹೋದಳು. ಫೆಬ್ರವರಿಯಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಅವಳ ಹೆಸರು ಈ ಮನೆಯಲ್ಲಿ ಬೇಡ ಎಂದು ನಾನು ವಿಶಾಲಮ್ಮನಿಗೆ ಹೇಳಿದೆ. ಅವಳು ಹಿತ್ತಿಲಿಗೆ ಹೋಗಿ ಮಗಳಿಗೆ ಫೋನ್ ಮಾಡುತ್ತಾಳೆ. ನಾನು ಕೇಳಿಸದವನಂತೆ ಇರುತ್ತೇನೆ.

ಕೆಲಸ ಮುಗಿದು ಮನೆಯಲ್ಲಿ ಕೂತ ಮೇಲೆ ಪೆಟ್ಟಿಗೆ ತೆಗೆದೆ. ಅವಳ ತಲೆಯಲ್ಲಿ ಏನಿತ್ತು ಎಂದು ತಿಳಿಯಬೇಕಿತ್ತು.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಅಂಬಿಗ ಕಲ್ಲಾಗುವ ಕಡೆ ಅವಳು ಬರೆದದ್ದು ಇಷ್ಟು: ‘ನಮ್ಮಪ್ಪ ಹಿಂಗಲ್ಲ. ಕೇಳ್ತಾರೆ.’ ಕೆಳಗೆ ತಾರೀಕು ಹಾಕಿದ್ದಾಳೆ. ಅದು ಲಾಂಚಿಗೆ ಬಂದ ದಿನಕ್ಕಿಂತ ಎಂಟು ದಿನ ಮೊದಲು.

ನಿಮ್ಮ ರಾಜ್ಯದ ನಿಯಮದಲ್ಲಿ ಕಲ್ಲಾದವನು ತಿರುಗಿ ಮನುಷ್ಯನಾಗಲು ಏನು ಮಾಡಬೇಕು? ಹೇಳಿದರೆ ಉಪಕಾರ.

ಗುತ್ಯಪ್ಪ


ತೀರ್ಥಹಳ್ಳಿ
27 ನವೆಂಬರ್ 2025

ಗುತ್ಯಪ್ಪನವರೆ,

ನಿಮ್ಮ ಕಾಗದ ಬಂದು ಐದು ದಿನವಾಯಿತು. ಬರೆದದ್ದನ್ನೆಲ್ಲ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿಮಗೆ ಸುಳ್ಳು ಹೇಳಿದ್ದೆ. ನಿಯಮ, ಕಟ್ಟಳೆ ಎಂಬುದೆಲ್ಲ ಆಮೇಲೆ ಹೊಳೆದದ್ದು. ಆ ಅಧ್ಯಾಯ ಬರೆಯುವಾಗ ಆ ಅಪ್ಪನನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅವನು ಸಿಟ್ಟಾದರೆ ಕಥೆ ಹಳೆಯದಾಗುತ್ತದೆ, ಒಪ್ಪಿದರೆ ಮುಂದಿನ ಎಪ್ಪತ್ತು ಪುಟವೇ ಇಲ್ಲ. ಕಲ್ಲು ಮಾಡಿದರೆ ಅವನ ಬಾಯಲ್ಲಿ ಮಾತು ಹಾಕುವ ಕಷ್ಟ ತಪ್ಪುತ್ತದೆ. ಒಂದು ಗಂಟೆಯಲ್ಲಿ ಬರೆದು ಮುಗಿಸಿದೆ. ನಿಮ್ಮ ಮಗಳು ಆ ಪುಟದಲ್ಲಿ ಅಷ್ಟು ಹೊತ್ತು ನಿಂತಿದ್ದಾಳೆಂದು ತಿಳಿದಾಗ ನಾಚಿಕೆಯಾಯಿತು.

ಹಾಗಾಗಿ ಬಿಡುಗಡೆಯ ಮಂತ್ರ ನನ್ನ ಬಳಿ ಇಲ್ಲ. ಆದರೆ ಒಂದು ಗಮನಿಸಿದೆ. ನೀವು ನನ್ನನ್ನು ಇಷ್ಟು ಪ್ರಶ್ನೆ ಕೇಳಿದ್ದೀರಿ. ಕಡವೆಯ ಬಟ್ಟೆಯ ಬಗ್ಗೆ ಕೂಡ ಕೇಳಿದ್ದೀರಿ. ಅದರಲ್ಲಿ ಒಂದನ್ನು ಅವಳ ಹತ್ತಿರ ಕೇಳಿ. ಹೊಸನಗರ ಅಷ್ಟೇನೂ ದೂರವಿಲ್ಲ. ಅವಳ ಪುಸ್ತಕಗಳನ್ನೆಲ್ಲ ಓದಿದ್ದೀರೆಂದು ತಿಳಿದರೆ ಆಶಾ ಖಂಡಿತ ಸಂತೋಷಪಡುತ್ತಾಳೆ. ನಾನಾಗಿದ್ದರೆ ಕುಣಿಯುತ್ತಿದ್ದೆ.

ವಿನಯಾ


ಸಾಗರ
23 ಡಿಸೆಂಬರ್ 2025

ವಿನಯಮ್ಮನವರಿಗೆ ನಮಸ್ಕಾರ.

ಹೋದ ಗುರುವಾರ ಹೊಸನಗರಕ್ಕೆ ಹೋಗಿದ್ದೆ. ವಿಶಾಲಮ್ಮನಿಗೆ ವರದಹಳ್ಳಿ ಆಶ್ರಮಕ್ಕೆ ಎಂದು ಹೇಳಿ ಹೊರಟೆ. ಅವಳು, “ವರದಹಳ್ಳಿಗೆ ಇಸ್ತ್ರಿ ಅಂಗಿ ಎಂತಕ್ಕೆ?” ಎಂದಳು, ಅಷ್ಟೇ.

ಅಂಗಡಿ ಹುಡುಕಿದೆ. ಹುಡುಗ ಒಬ್ಬನೇ ಕೂತು ಒಂದು ಫೋನ್ ಬಿಚ್ಚುತ್ತಿದ್ದ. ಏನು ಹೇಳುವುದೆಂದು ತಿಳಿಯದೆ ನನ್ನ ಫೋನನ್ನು ಮುಂದಿಟ್ಟು, “ಚಾರ್ಜ್ ನಿಲ್ಲಲ್ಲ” ಎಂದೆ. ಅವನು ಬ್ಯಾಟರಿ ತೆಗೆದ, ವೈರು ಹಚ್ಚಿ ನೋಡಿದ, ಮತ್ತೆ ಹಾಕಿದ. ಆಮೇಲೆ ನನ್ನ ಮುಖ ನೋಡಿ, “ಫೋನಿಗೆಂತೂ ಆಗಿಲ್ಲ ಮಾವ. ಕೂತ್ಕಳಿ. ಆಶಾ ಈಗ ಬರ್ತಾಳೆ” ಎಂದ. ಅವರ ಮನೆಯಲ್ಲಿ ನನ್ನ ಫೋಟೋ ಇದೆಯಂತೆ. ಲಾಂಚಿನ ಕ್ಯಾಬಿನ್ನಿನಲ್ಲಿ ಅವಳು ತೆಗೆದದ್ದು.

ಆಶಾ ಬಂದವಳು ಮೆಟ್ಟಿಲ ಹತ್ತಿರವೇ ನಿಂತಳು. “ಅಮ್ಮಂಗೆ ಹುಷಾರಿಲ್ವಾ?” ಎಂದಳು.

“ಅಮ್ಮ ಚೆನ್ನಾಗಿದಾಳೆ.”

“ಮತ್ತೆ ಎಂತಕ್ಕೆ ಬಂದ್ರಿ?”

“ಅವತ್ತು ನೀ ಎಂತ ಹೇಳೂಕೆ ಬಂದಿದ್ದೆ, ಅದನ್ನ ಕೇಳೂಕೆ ಬಂದೆ.”

“ಅದು ಮುಗಿದು ಎರಡು ವರ್ಷ ಆಯ್ತಲ್ಲಪ್ಪ” ಎಂದಳು. ಆಮೇಲೆ ಶುರು ಮಾಡಿದಳು. ಒಂದು ಗಂಟೆ ಬೈದಳು. ಮದುವೆಯ ದಿನ ಮಧ್ಯಾಹ್ನದವರೆಗೆ ಕಚೇರಿಯ ಗೇಟು ನೋಡುತ್ತ ನಿಂತಿದ್ದಳಂತೆ. ಯೋಗರಾಜ್ ಷಟರ್ ಅರ್ಧ ಇಳಿಸಿ ಹೊರಗೆ ಹೋಗಿ ನಿಂತ. ನಾನು ಎಲ್ಲ ಕೇಳಿಸಿಕೊಂಡೆ. ಅವಳು ಹೇಳಿದ್ದರಲ್ಲಿ ಎರಡು ಮಾತು ಸರಿಯಿರಲಿಲ್ಲ, ಅದಕ್ಕೂ ಎದುರಾಡಲಿಲ್ಲ.

ಅವಳು ಸುಸ್ತಾಗಿ ನೀರು ಕುಡಿದಳು. ಇದೇ ಸಮಯ ಎಂದುಕೊಂಡು ನೀವು ಹೇಳಿದ ಹಾಗೆ, “ನಿನ್ನ ಪುಸ್ತಕ ಎಲ್ಲ ಓದ್ತಾ ಇದೀನಿ. ನೀನು ಬರ್ದಿದ್ದೂ ಓದ್ದೆ” ಎಂದೆ.

ಅವಳ ಮುಖ ಕೆಂಪಗಾಯಿತು. “ನನ್ನ ಪೆಟ್ಟಿಗೆ ತೆಗ್ದ್ರಾ? ಯಾರನ್ನ ಕೇಳಿ ತೆಗ್ದ್ರಿ?” ಎಂದಳು. ಅಷ್ಟು ಹೊತ್ತು ಬೈದವಳು ಅಳದೇ ಇದ್ದಳು, ಈಗ ಅತ್ತಳು. “ನಾನಿದ್ದಾಗ ನನ್ನ ಕೇಳ್ಲಿಲ್ಲ. ನಾನಿಲ್ಲದಾಗ ನನ್ನ ಪುಸ್ತಕ ಓದೂಕೆ ಕೂತ್ರಿ. ಅದು ನನಗೇ ಅಂತ ಬರ್ಕಂಡಿದ್ದು.”

ನಾನು ಬಸ್ಸಿಗೆ ಹೊರಟೆ. ಅವಳು ಹೊರಗೆ ಬರಲಿಲ್ಲ. ಯೋಗರಾಜ್ ಬಸ್‌ಸ್ಟ್ಯಾಂಡಿನವರೆಗೆ ಬಂದು, “ಪೆಟ್ಟಿಗೆ ತಂದ್ಕೊಡಿ ಮಾವ” ಎಂದ. ನಿಮ್ಮ ಊಹೆ ಮತ್ತೆ ತಪ್ಪಿತು, ಅಮ್ಮ. ನನ್ನದೂ ತಪ್ಪಿತು. ಅವಳಿಗೆ ಸಂತೋಷವಾಗುತ್ತದೆ ಎಂದು ದಾರಿಯುದ್ದಕ್ಕೂ ನಾನೇ ಖುಷಿಪಟ್ಟುಕೊಂಡು ಹೋಗಿದ್ದೆ.

ಗುತ್ಯಪ್ಪ


ತೀರ್ಥಹಳ್ಳಿ
4 ಜನವರಿ 2026

ಗುತ್ಯಪ್ಪನವರೆ,

ನನಗೇಕೆ ಹೊಳೆಯಲಿಲ್ಲವೋ. ಬರೆಯುವವಳು ನಾನು, ಯಾರಾದರೂ ಓದಿದರೆ ಸಾಕು ಎಂದು ಕಾಯುತ್ತಿರುತ್ತೇನೆ. ಅವಳು ತನಗಾಗಿ ಬರೆದುಕೊಂಡವಳು. ಈ ವ್ಯತ್ಯಾಸ ತಿಳಿಯದೆ ನಿಮ್ಮನ್ನು ಕಳಿಸಿದೆ.

ಪೆಟ್ಟಿಗೆ ಕೊಟ್ಟುಬಿಡಿ. ಓದದೆ ಉಳಿದವುಗಳನ್ನು ಬಿಚ್ಚಬೇಡಿ. ಈ ಬಾರಿ ಸಲಹೆ ಇಷ್ಟೇ, ಮುಂದಿನದು ನನಗೂ ಗೊತ್ತಿಲ್ಲ.

ಎರಡನೇ ಭಾಗ ಮತ್ತೆ ಶುರುವಾಗಿದೆ. ತಾರಿಣಿ ದಡಕ್ಕೆ ಬಂದು ಕಲ್ಲಿನ ಅಪ್ಪನಿಗೆ ಬೈಯುತ್ತಿದ್ದಾಳೆ. ಹನ್ನೊಂದು ಪುಟವಾಯಿತು, ಇನ್ನೂ ನಿಲ್ಲಿಸಿಲ್ಲ. ಬರೆದಷ್ಟನ್ನು ಮೊನ್ನೆ ಶ್ರೀಕಾಂತರಿಗೆ ಓದಿ ಹೇಳಿದೆ. ಅವರೇ ಕೇಳಿದರು, ನಾನಾಗಿ ಹೇಳಿದ್ದಲ್ಲ.

ವಿನಯಾ


ಸಾಗರ
11 ಫೆಬ್ರವರಿ 2026

ವಿನಯಮ್ಮನವರಿಗೆ ನಮಸ್ಕಾರ.

ಜನವರಿ ಕೊನೆಯಲ್ಲಿ ನಾನೂ ವಿಶಾಲಮ್ಮನೂ ಪೆಟ್ಟಿಗೆ ತೆಗೆದುಕೊಂಡು ಹೋದೆವು. ಇಪ್ಪತ್ತಾರು ಓದಿದ್ದೆ, ಐದು ಹಾಗೇ ಇತ್ತು. ಕಂಡಕ್ಟರ್ ಪೆಟ್ಟಿಗೆಯಲ್ಲಿ ಏನು ಎಂದ. ವಿಶಾಲಮ್ಮ, “ಮಗಳ ಸಾಮಾನು” ಎಂದಳು. ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಆಶಾ ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ಎಣಿಸಿದಳು. ನನ್ನ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಬಡಿಸುವಾಗ ಏನು ಬೇಕು ಎಂದು ಅಮ್ಮನಿಗೆ ಕೇಳಿದಳು, ಯೋಗರಾಜನಿಗೆ ಕೇಳಿದಳು, ನನ್ನ ಎಲೆಗೆ ಸುಮ್ಮನೆ ಬಡಿಸಿದಳು. “ಕ್ಷಮಿಸು ಮಗಾ, ಕೇಳ್ದೆ ತೆಗ್ದಿದ್ದು ತಪ್ಪು” ಎಂದೆ. “ಹ್ಞೂಂ” ಎಂದಳು.

ಹೊರಡುವಾಗ ಒಂದು ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. ಹೊಸದು. ಹಾವುಗಳ ರಾಜ್ಯದ ಕಥೆಯಂತೆ. “ಇದು ಓದಿ. ನಾನು ಇದರಲ್ಲಿ ಎಂತೂ ಬರ್ದಿಲ್ಲ” ಎಂದಳು. ಆಗ ನಾನು ಮಾಡಿದ್ದು ನನಗೆ ಇನ್ನಷ್ಟು ತಿಳಿಯಿತು.

ಬಂದು ಓದಲು ಶುರು ಮಾಡಿದೆ. ಬಹಳ ಕಷ್ಟವಾಯಿತು. ಎಲ್ಲಿ ನಗಬೇಕು, ಎಲ್ಲಿ ಬೇಸರಪಡಬೇಕು ಎಂದು ತೋರಿಸಲು ಯಾರೂ ಇಲ್ಲ. ಮೂವತ್ತು ಪುಟ ಆದ ಮೇಲೆ ಸಲೀಸಾಯಿತು. ಈ ರಾಣಿ ಯಾಕೆ ಹೆಡೆ ಮುಚ್ಚಿಕೊಂಡಿರುತ್ತಾಳೆ ಎಂದು ಇವತ್ತಿಗೂ ಗೊತ್ತಾಗಿಲ್ಲ.

ನಿನ್ನೆ ಮಧ್ಯಾಹ್ನ ನಾನು ಜಗಲಿಯಲ್ಲಿ ಓದುತ್ತ ಕೂತಿದ್ದೆ. ವಿಶಾಲಮ್ಮನ ಫೋನ್ ಬಡಿಯಿತು. ಅವಳು ಎತ್ತಿದಳು, ಎರಡು ಮಾತು ಆಡಿದಳು, ಹಿತ್ತಿಲಿಗೆ ಹೋಗಲಿಲ್ಲ. ನನ್ನ ಮುಂದೆ ಬಂದು ಫೋನ್ ಹಿಡಿದು, “ಹೋಯ್, ನಿಮ್ಗೇ ಅಂತೆ” ಎಂದಳು.

ನಾನು ಕನ್ನಡಕ ತೆಗೆದು ಫೋನ್ ತೆಗೆದುಕೊಂಡೆ.

“ಎಲ್ಲಿಗೆ ಬಂತು?” ಎಂದಳು ಆಶಾ.

“ರಾಣಿ ಬಾವಿಗೆ ಇಳಿದ್ಲು.”

“ಅಯ್ಯೋ, ಇನ್ನೂ ಅಲ್ಲೇ ಇದೀರಾ? ಮುಂದೆ ಎಂತ ಆಗ್ತದೆ ಗೊತ್ತಾ...”

“ಹೇಳ್ಬೇಡ!” ಎಂದೆ. ಜೋರಾಗಿ ಹೇಳಿದೆ ಅನ್ನಿಸುತ್ತದೆ, ವಿಶಾಲಮ್ಮ ಬೆಚ್ಚಿದಳು.

ಆ ಕಡೆ ಅವಳು ನಕ್ಕಳು. “ಹೇಳಲ್ಲ. ಓದಿ ಮುಗಿಸ್ಕಂಡು ಬನ್ನಿ” ಎಂದಳು.

ಇನ್ನು ಇನ್ನೂರ ಎಪ್ಪತ್ತು ಪುಟ ಉಳಿದಿದೆ, ಅಮ್ಮ. ಉಳಿದ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಈಗ ಪುರುಸೊತ್ತಿಲ್ಲ.

ಗುತ್ಯಪ್ಪ